ಒತ್ತಕ್ಷರಕ್ಕೆ ಒಗ್ಗದ ಬ್ರಷ್ ಫಾಂಟ್: ಬೆಂಗಳೂರಿನ ಒಂದು ತಿಂಡಿ ಅಂಗಡಿಯ ಪ್ರಕರಣ

ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ. ಈ ಅಂಗಡಿ ಬೆಂಗಳೂರಿನ ಪಶ್ಚಿಮ ಭಾಗದ ಒಂದು ಹಳೆಯ ಬಡಾವಣೆಯಲ್ಲಿದೆ. ನಡೆಸುವವರು ತಾಯಿ ಮತ್ತು ಮಗ. ಬರೆಯೋಕೆ ಒಪ್ಪಿಗೆ ಕೊಟ್ಟರು, ಆದರೆ ಗುರುತು ಬೇಡ ಎಂದರು. ಅಕ್ಷರದ ಕಥೆಯನ್ನು ಹೆಸರೇ ಇಲ್ಲದೆ ಹೇಳುವುದು ಕಷ್ಟ. ಹಾಗಾಗಿ "ಬೆಲ್ಲದಚ್ಚು" ಎಂಬ ಬದಲಿ ಹೆಸರು ಇಟ್ಟುಕೊಂಡಿದ್ದೇನೆ. ನಿಜವಾದ ಹೆಸರಿನಲ್ಲೂ ನಾಲ್ಕೇ ಅಕ್ಷರ, ಎರಡು ಒತ್ತು, ಕೊನೆಯಲ್ಲಿ ಒಂದು ಕೊಂಬು. ತೊಂದರೆ ಕೊಟ್ಟ ಜಾಗಗಳೂ ಅವೇ. ಜನ ತಪ್ಪಾಗಿ ಓದಿದ್ದನ್ನೂ ಈ ಬದಲಿ ಹೆಸರಿಗೆ ಹೊಂದಿಸಿ ಬರೆದಿದ್ದೇನೆ.

ನಾನು ಗ್ರಾಫಿಕ್ ಡಿಸೈನರ್. ಇಬ್ಬರೇ ಇರುವ ಸಣ್ಣ ಸ್ಟುಡಿಯೋ ನಮ್ಮದು. ಈ ಅಂಗಡಿಯ ಬೋರ್ಡು, ಪೌಚುಗಳ ಮೇಲೆ ಹೆಸರಿನ ಅಕ್ಷರ ಮಾಡಿದ ಕಥೆ ಇದು. ಇಲ್ಲಿ ಆದ ತಪ್ಪುಗಳಲ್ಲಿ ಹೆಚ್ಚಿನವು ನನ್ನವೇ.

ಹಿನ್ನೆಲೆ

ಅಮ್ಮನವರು ಹತ್ತು ವರ್ಷದಿಂದ ಮನೆಯಲ್ಲೇ ಕೋಡುಬಳೆ, ಚಕ್ಕುಲಿ, ಬೆಲ್ಲದ ಉಂಡೆ ಮಾಡಿ ಮಾರುತ್ತಿದ್ದರು. ಅಕ್ಕಪಕ್ಕದ ಮನೆಯವರು, ಗೌರಿ ಗಣೇಶನ ಸಮಯದ ಆರ್ಡರು, ಅಮೆರಿಕಕ್ಕೆ ಹೋಗುವವರ ಸೂಟ್‌ಕೇಸು, ಇಷ್ಟೇ ವ್ಯಾಪಾರ. 2024ರ ಬೇಸಿಗೆಯಲ್ಲಿ ಮಗ ಕೆಲಸ ಬಿಟ್ಟು ಇದಕ್ಕೇ ಇಳಿದ. ಒಂದು ಅಂಗಡಿ, ಮುಂಭಾಗಕ್ಕೆ 12 ಅಡಿ ಅಗಲ 3 ಅಡಿ ಎತ್ತರದ ಬೋರ್ಡು, ಕಂದು ಕ್ರಾಫ್ಟ್ ಪೌಚುಗಳು, ಅದರ ಮೇಲೆ ಹೆಸರು. ಬಜೆಟ್ ಬಿಗಿಯಾಗಿಯೇ ಇತ್ತು.

ಮಗನ ಮೊಬೈಲಿನಲ್ಲಿ ಒಂದು ಫೋಲ್ಡರ್ ತುಂಬ ಚಿತ್ರಗಳಿದ್ದವು. ಎಲ್ಲದರಲ್ಲೂ ಇಂಗ್ಲಿಷಿನಲ್ಲಿ ಕುಂಚದಿಂದ ಗೀಚಿದಂಥ ಅಕ್ಷರ. ಅಂಚು ಒರಟು, ಗೆರೆಯ ಕೊನೆಯಲ್ಲಿ ಬಣ್ಣ ಒಣಗಿದ ಹಾಗೆ ಬಿಳಿ ಬಿಳಿ ಸೀಳು. "ಮನೇಲಿ ಮಾಡಿದ್ದು ಅನ್ನೋ ಫೀಲ್ ಬರಬೇಕು ಮೇಡಂ. ಕಂಪನಿ ತರ ಕಾಣಬಾರದು," ಎಂದ.

ಬೇಡಿಕೆ ತಪ್ಪಲ್ಲ. ಬ್ರಷ್ ಲಿಪಿಯ ಅಚ್ಚಕ್ಷರ ಹುಟ್ಟಿದ್ದೇ ಈ ಭಾವನೆಯನ್ನು ಮಾರೋದಕ್ಕೆ. 1942ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್‌ಗಾಗಿ ರಾಬರ್ಟ್ ಸ್ಮಿತ್ ಮಾಡಿದ ಬ್ರಷ್ ಸ್ಕ್ರಿಪ್ಟ್, ಅಂಗಡಿ ಮುಂದಿನ ಕೈಬರಹದ ಕಾರ್ಡುಗಳ ಚುರುಕನ್ನು ಸೀಸದ ಮೊಳೆಗೆ ಇಳಿಸಿತು. ಅಕ್ಷರದ ಬಾಲ ಮುಂದಿನ ಅಕ್ಷರಕ್ಕೆ ಸರಿಯಾಗಿ ತಾಗುವ ಹಾಗೆ ಮೊಳೆ ಎರೆದಿದ್ದರು. 1953ರಲ್ಲಿ ಫ್ರಾನ್ಸಿನ ರೋಜೆ ಎಕ್ಸ್‌ಕಾಫೋನ್ ತನ್ನದೇ ಕೈಬರಹದಿಂದ ಮಿಸ್ಟ್ರಾಲ್ ಮಾಡಿದ. ಇವೆರಡೂ ಮುಂದೆ ಮೈಕ್ರೋಸಾಫ್ಟ್ ಆಫೀಸಿನ ಜೊತೆಗೆ ಬಂದು ನಮ್ಮ ಡಿಟಿಪಿ ಅಂಗಡಿಗಳಲ್ಲೂ ಕೂತವು. ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆ ಕಡೆ ಹಳೆಯ ಲಗ್ನಪತ್ರಿಕೆಗಳ ಸ್ಯಾಂಪಲ್ ಪುಸ್ತಕ ತಿರುಗಿಸಿದರೆ ಗೊತ್ತಾಗುತ್ತದೆ. ವಧೂವರರ ಹೆಸರು ಇಂಗ್ಲಿಷಿನಲ್ಲಿ ಇದ್ದರೆ ಹತ್ತರಲ್ಲಿ ಮೂರು ನಾಲ್ಕಾದರೂ ಇದೇ ಜಾತಿಯ ಅಕ್ಷರ.

ಮೊದಲ ಪ್ರಯತ್ನ, ಮೊದಲ ಎಡವಟ್ಟು

ನಾನು ಒಂದು ಒರಟು ಬ್ರಷ್ ಫಾಂಟನ್ನು ಡೌನ್‌ಲೋಡ್ ಮಾಡಿ ಇಂಗ್ಲಿಷ್ ಹೆಸರನ್ನು ಹಾಕಿದೆ. ಹನ್ನೆರಡು ಅಕ್ಷರ ಒಂದೇ ಉಸಿರಿಗೆ ಬರೆದ ಹಾಗೆ ಬಂತು. ಕೆಳಗೆ ಕನ್ನಡ ಬೇಕಲ್ಲ, ಅದಕ್ಕೆ ಕಂಪ್ಯೂಟರಿನಲ್ಲಿದ್ದ ಒಂದು ದಪ್ಪ, ನೆಟ್ಟಗಿನ ಕನ್ನಡ ಫಾಂಟ್. ಮಗ ಖುಷಿಯಾದ. ಅಮ್ಮ ಸ್ವಲ್ಪ ಹೊತ್ತು ನೋಡಿದರು. "ಇಂಗ್ಲಿಷು ಮದುವೆಗೆ ಹೊರಟ ಹಾಗಿದೆ. ಕನ್ನಡ ತಾಲ್ಲೂಕು ಆಫೀಸಿನ ಬೋರ್ಡ್ ಇದ್ದ ಹಾಗಿದೆ, ಅಲ್ವಾ?" ಎಂದರು.

ಆ ಮಾತನ್ನು ಆಗಲೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಒಂದೂವರೆ ತಿಂಗಳು ಉಳಿಯುತ್ತಿತ್ತು. ನಾನು ನಕ್ಕು, "ಕನ್ನಡದಲ್ಲಿ ಬ್ರಷ್ ಫಾಂಟ್ ಕಡಿಮೆ ಅಮ್ಮ," ಎಂದು ಸುಮ್ಮನಾದೆ.

ಪ್ರಯೋಗಕ್ಕೆ ಅಂತ 600 ಪೌಚುಗಳನ್ನು ಸ್ಕ್ರೀನ್ ಪ್ರಿಂಟ್ ಮಾಡಿಸಿದೆವು. ಹುರುಪಿನಲ್ಲಿ ಅಂಗಡಿ ಹೆಸರಷ್ಟೇ ಅಲ್ಲ, "ಖಾರ ಕೋಡುಬಳೆ", "ಬೆಣ್ಣೆ ಚಕ್ಕುಲಿ" ಎನ್ನುವುದರ ಇಂಗ್ಲಿಷ್ ರೂಪವನ್ನೂ ಅದೇ ಬ್ರಷ್ ಅಕ್ಷರದಲ್ಲಿ ಸಣ್ಣದಾಗಿ ಹಾಕಿದ್ದೆ. ಕ್ರಾಫ್ಟ್ ಕಾಗದ ಮಸಿ ಕುಡಿಯುತ್ತದೆ. ಪರದೆಯ ಮೇಲೆ ಚೆಂದ ಕಂಡಿದ್ದ ಒಣ ಕುಂಚದ ಸೀಳುಗಳೆಲ್ಲ ಅಲ್ಲಿ ತುಂಬಿಕೊಂಡು ಬರೀ ಮುದ್ದೆಯಾದವು. ದೊಡ್ಡ ಹೆಸರು ಪಾಸಾಯಿತು. ಸಣ್ಣ ಅಕ್ಷರ ಇರುವೆ ಸಾಲಿನ ಮೇಲೆ ನೀರು ಚೆಲ್ಲಿದ ಹಾಗೆ ಕಂಡಿತು.

ಓದುವ ತೊಂದರೆ ಅದಕ್ಕಿಂತ ದೊಡ್ಡದು. ಬ್ರಷ್ ಲಿಪಿಯಲ್ಲಿ ರೋಮನ್ನಿನ ಎಚ್, ಎನ್, ಯು ಎಲ್ಲವೂ ಒಂದೇ ತರದ ಗುಡ್ಡ ಕಣಿವೆ. "ಅಚ್ಚು" ಎಂದು ಬರೆಯೋಕೆ ಅಲ್ಲಿ ಸಿ, ಎಚ್, ಮತ್ತೆ ಸಿ, ಎಚ್, ಆಮೇಲೆ ಯು. ಐದು ಅಲೆ ಒಂದರ ಹಿಂದೊಂದು. ಡೆಲಿವರಿಯ ಹುಡುಗನೊಬ್ಬ ಫೋನ್ ಮಾಡಿ, "ಮೇಡಂ, ಬೆಲ್ಲಾಡೋ ಅಕ್ಲು ಎಲ್ಲಿ ಬರುತ್ತೆ?" ಎಂದು ಕೇಳಿದ. ಮನೆಯವರು ಎರಡು ದಿನ ನಕ್ಕರು. ಮೂರನೇ ದಿನ ಇನ್ನೊಬ್ಬ ಇನ್ನೊಂದು ತರ ಓದಿದಾಗ ನಗು ನಿಂತಿತು.

ಇನ್ನೊಂದು ಸಣ್ಣ ವಿಷಯ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಜೋಡಿ ಎಲ್ ಎರಡೂ ಒಂದೇ ಅಚ್ಚಿನಲ್ಲಿ ಎರೆದ ಹಾಗಿದ್ದವು, ಸೀಳು ಕೂಡ ಅದೇ ಜಾಗದಲ್ಲಿ. ಕೈಯಲ್ಲಿ ಬರೆದವರು ಎರಡು ಸಲ ಒಂದೇ ತರ ಬರೆಯಲ್ಲ. ಒಳ್ಳೆಯ ಬ್ರಷ್ ಫಾಂಟುಗಳಲ್ಲಿ ಪ್ರತಿ ಅಕ್ಷರಕ್ಕೆ ಎರಡು ಮೂರು ರೂಪ ಇರುತ್ತವೆ, ಪಕ್ಕದ ಅಕ್ಷರ ನೋಡಿ ತಾವೇ ಬದಲಾಗುತ್ತವೆ. ನಾನು ತಂದದ್ದರಲ್ಲಿ ಅದು ಇರಲಿಲ್ಲ. "ಮನೆಯಲ್ಲಿ ಮಾಡಿದ್ದು" ಅನ್ನೋ ಮಾತಿಗೆ ಅಲ್ಲೇ ಬಿರುಕು ಬಿಟ್ಟಿತ್ತು.

ಪರವಾನಗಿಯ ಗುಂಡಿ

ಮೂರನೇ ವಾರ ಮಗನ ಸ್ನೇಹಿತನೊಬ್ಬ ಫಾಂಟಿನ ಜಿಪ್ ಫೈಲು ಬಿಚ್ಚಿ, ಒಳಗಿದ್ದ ಪುಟ್ಟ ಟೆಕ್ಸ್ಟ್ ಫೈಲನ್ನು ಓದಿದ. ನಾನು ಓದಬೇಕಿತ್ತು, ಓದಿರಲಿಲ್ಲ. ವೈಯಕ್ತಿಕ ಬಳಕೆಗೆ ಮಾತ್ರ ಉಚಿತ, ವ್ಯಾಪಾರಕ್ಕೆ ಪರವಾನಗಿ ಕೊಳ್ಳಬೇಕು ಎಂದಿತ್ತು. ಆಗಲೇ ಇನ್ನೂರಕ್ಕೂ ಜಾಸ್ತಿ ಪೌಚು ಮಾರಾಟವಾಗಿದ್ದವು.

"ಯಾರಿಗೆ ಗೊತ್ತಾಗುತ್ತೆ ಬಿಡಿ," ಎಂದು ಹೇಳಿದವರೂ ಇದ್ದರು. ಅಮ್ಮ ಒಪ್ಪಲಿಲ್ಲ. ಅವರ ಲೆಕ್ಕ ಸರಳ. ನನ್ನ ಚಕ್ಕುಲಿ ಒರಳನ್ನು ಯಾರೋ ಕೇಳದೆ ತೊಗೊಂಡು ಹೋಗಿ ವ್ಯಾಪಾರ ಮಾಡಿದರೆ ನನಗೆ ಹೇಗಿರುತ್ತೆ? ಫಾಂಟ್ ಮಾಡಿದವರಿಗೆ ಮೇಲ್ ಬರೆದು ನಡೆದದ್ದನ್ನು ನಡೆದ ಹಾಗೆ ಹೇಳಿದೆವು. ಅವರು ತಕರಾರು ಮಾಡಲಿಲ್ಲ, ಬೆಲೆ ಹೇಳಿದರು. ಎರಡು ಸಾವಿರ ಚಿಲ್ಲರೆ ರೂಪಾಯಿ. ಅದನ್ನು ನನ್ನ ಶುಲ್ಕದಿಂದ ಕಳೆದೆ. ತಮಾಷೆ ಏನೆಂದರೆ, ದುಡ್ಡು ಕೊಟ್ಟು ಕೊಂಡ ಮೇಲೆ ಆ ಫಾಂಟನ್ನು ನಾವು ಮತ್ತೆ ಬಳಸಲೇ ಇಲ್ಲ.

ಬೋರ್ಡು ಬಂದು ಎಲ್ಲ ತಲೆಕೆಳಗು

ಇದುವರೆಗಿನದ್ದು ಪೌಚಿನ ತೊಂದರೆ. ಬೋರ್ಡು ಮಾಡಿಸೋಕೆ ಹೊರಟಾಗ ವಿನ್ಯಾಸವೇ ಕುಸಿಯಿತು.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲಿನ ಅರ್ಧದಲ್ಲಿ. ಆ ವರ್ಷದ ಫೆಬ್ರವರಿ 28 ಬೆಂಗಳೂರಿನ ಅಂಗಡಿಗಳಿಗೆ ಕೊಟ್ಟ ಗಡುವಾಗಿತ್ತು. ಊರೆಲ್ಲ ಬೋರ್ಡು ಬದಲಾಯಿಸುತ್ತಿದ್ದ ಸಮಯ ಅದು. ಎಷ್ಟೋ ಅಂಗಡಿಯವರು ಇಂಗ್ಲಿಷ್ ಲೋಗೋವನ್ನು ಹಾಗೇ ಕುಗ್ಗಿಸಿ ಕೆಳಗೆ ತಳ್ಳಿ, ಮೇಲೆ ಯಾವುದೋ ಕನ್ನಡ ಫಾಂಟನ್ನು ದೊಡ್ಡದಾಗಿ ಅಂಟಿಸಿದ್ದರು. ನಾನೂ ಅದನ್ನೇ ಮಾಡಿ ನೋಡಿದೆ. ನನ್ನ ತಾಲ್ಲೂಕು ಆಫೀಸ್ ಕನ್ನಡ ಬೋರ್ಡಿನ ತುಂಬ ಹರಡಿಕೊಂಡಿತು. ಮಗ ಅಷ್ಟು ಇಷ್ಟಪಟ್ಟಿದ್ದ ಬ್ರಷ್ ಅಕ್ಷರ ಕೆಳಗೆ ಎಲ್ಲೋ ಮೂಲೆ ಸೇರಿತು.

ಲೆಕ್ಕ ಹಾಕಿದಾಗ ಇನ್ನೊಂದು ವಿಷಯ ಕಂಡಿತು. 3 ಅಡಿ ಎತ್ತರದಲ್ಲಿ ಕನ್ನಡಕ್ಕೆ ಸುಮಾರು 22 ಇಂಚು. ನಮ್ಮ ಹೆಸರಿನ ನಾಲ್ಕು ಅಕ್ಷರದಲ್ಲಿ ಎರಡಕ್ಕೆ ಒತ್ತು. ಒತ್ತು ಕೆಳಗೆ ಇಳಿಯುತ್ತದೆ, ಅದಕ್ಕೇ 7 ಇಂಚು ಬೇಕು. ಮೂಲ ಅಕ್ಷರಕ್ಕೆ ಉಳಿಯೋದು 15. ಅಗಲದಲ್ಲಿ ಮಾತ್ರ ಬೇಕಾದಷ್ಟು ಜಾಗ ಖಾಲಿ. ಹನ್ನೆರಡು ರೋಮನ್ ಅಕ್ಷರ ಉದ್ದಕ್ಕೆ ಓಡುತ್ತದೆ, ನಾಲ್ಕು ಕನ್ನಡ ಅಕ್ಷರ ಕೆಳಕ್ಕೆ ಇಳಿಯುತ್ತದೆ. ಒಂದಕ್ಕೆ ಕೂರುವ ಚೌಕಟ್ಟು ಇನ್ನೊಂದಕ್ಕೆ ಕೂರಲ್ಲ.

ಕನ್ನಡಕ್ಕೆ ಬ್ರಷ್ ವೇಷ ಹಾಕಿದ್ದು

ಆಗ ನಾನು ಮಾಡಿದ್ದು ನಾಚಿಕೆಯ ಕೆಲಸ, ಆದರೂ ಹೇಳುತ್ತೇನೆ. ಬಹಳ ಜನ ಇದನ್ನೇ ಮಾಡುತ್ತಾರೆ. ಅದೇ ದಪ್ಪ ಕನ್ನಡ ಫಾಂಟನ್ನು ಬಲಕ್ಕೆ ಓರೆ ಮಾಡಿ, ಅಂಚಿಗೆ ಒರಟು ಎಫೆಕ್ಟ್ ಕೊಟ್ಟೆ.

ಓರೆ ಮಾಡಿದರೆ ಅಕ್ಷರದ ಬುಡಕ್ಕಿಂತ ಮೇಲಿರುವುದು ಬಲಕ್ಕೆ ಹೋಗುತ್ತದೆ, ಕೆಳಗಿರುವುದು ಎಡಕ್ಕೆ. ರೋಮನ್ನಿನಲ್ಲಿ ಕೆಳಗೆ ಇಳಿಯುವುದು ಯಾವುದೋ ಒಂದು ಬಾಲ, ತೊಂದರೆ ಇಲ್ಲ. ಕನ್ನಡದಲ್ಲಿ ಕೆಳಗಿರುವುದು ಇಡೀ ಒಂದು ವ್ಯಂಜನ. "ಚ್ಚು"ವಿನ ಒತ್ತು ತನ್ನ ಅಕ್ಷರ ಬಿಟ್ಟು ಎಡಕ್ಕೆ ಜಾರಿ, ಪಕ್ಕದ "ದ"ದ ಕೆಳಗೆ ಹೋಗಿ ನಿಂತಿತು. ದುಂಡಗಿನ ಲ ಮೊಟ್ಟೆಯಾಯಿತು. ಒರಟು ಅಂಚು ಕುಂಚದ ಹಾಗೆ ಕಾಣುವ ಬದಲು ಇಲಿ ಕಡಿದ ಹಾಗೆ ಕಂಡಿತು.

ಆಮೇಲೆ ತಯಾರಿರುವ ಕನ್ನಡ ಫಾಂಟುಗಳನ್ನು ಹುಡುಕಿದೆ. ಗೂಗಲ್ ಫಾಂಟ್ಸ್‌ನಲ್ಲಿ ವ್ಯಾಪಾರಕ್ಕೂ ಉಚಿತವಾಗಿ ಸಿಗುವಂಥವು ಈಗ ಕೆಲವಿವೆ. ಏಕ್ ಟೈಪ್ ಎಂಬ ಫಾಂಟ್ ಸಂಸ್ಥೆಯವರ "ಬಲೂ ತಮ್ಮ" ಗುಂಡುಗುಂಡಾಗಿ, ನಗುನಗುತ್ತಾ ಇದೆ. ಅಕಾಯ ಕನಡಕ ಬೇರೆಯದೇ ದಾರಿ ಹಿಡಿದ ಫಾಂಟು. ಅದರಲ್ಲಿ ಕನ್ನಡದ ಸ್ವಭಾವ ನೋಡಿಕೊಂಡು ಲ್ಯಾಟಿನ್ ಅಕ್ಷರ ಮಾಡಿದ್ದಾರೆ, ಅಲ್ಲಿಂದ ಇಲ್ಲಿಗೆ ತಂದದ್ದಲ್ಲ. ಎರಡರಲ್ಲೂ ಹೆಸರು ಹಾಕಿ ತೋರಿಸಿದೆ. "ಬಲೂ ತಮ್ಮ" ಮಕ್ಕಳ ಅಂಗಡಿಯ ಹಾಗಿದೆ ಎಂದರು ಅಮ್ಮ. ಅಕಾಯ ಅವರಿಗೆ ಹಿಡಿಸಿತು, ಆದರೆ ಮಗನಿಗೆ ಕುಂಚವೇ ಬೇಕು. ಹೀಗೆ ಹತ್ತು ದಿನ ಹೋಯಿತು.

ಆದರೆ ಅಕಾಯದ ಆ ಹಿಮ್ಮುಖ ದಾರಿ ನನ್ನ ತಲೆಯಲ್ಲಿ ಉಳಿಯಿತು. ನಾವು ಇಂಗ್ಲಿಷ್ ಕುಂಚವನ್ನು ಮೊದಲು ಆರಿಸಿ, ಕನ್ನಡವನ್ನು ಅದಕ್ಕೆ ಹೊಂದಿಸೋಕೆ ಒದ್ದಾಡುತ್ತಿದ್ದೆವು. ಕನ್ನಡವನ್ನೇ ಮೊದಲು ಕುಂಚದಲ್ಲಿ ಬರೆಸಿದರೆ?

ಶ್ರೀರಾಮಪುರದ ಕಡೆಯ ಪೇಂಟರ್

ಸ್ಟುಡಿಯೋ ಹತ್ತಿರದ ಗ್ಯಾರೇಜಿನವರು ಒಬ್ಬ ಹಿರಿಯ ಬೋರ್ಡ್ ಪೇಂಟರ್ ಗುರುತು ಹೇಳಿದರು. ಎಪ್ಪತ್ತು ದಾಟಿದವರು. ಒಂದು ಕಾಲದಲ್ಲಿ ಗಾಂಧಿನಗರದ ಥಿಯೇಟರುಗಳಿಗೆ ಬ್ಯಾನರ್ ಬರೆದವರು. ಫ್ಲೆಕ್ಸ್ ಬಂದು ಕೆಲಸ ಹೋಯಿತು. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿದ ಮೇಲೆ ಬಿಬಿಎಂಪಿ ಫ್ಲೆಕ್ಸ್ ನಿಷೇಧಿಸಿದಾಗ, ಮತ್ತೆ ಕರೆ ಬರಬಹುದು ಎಂದು ಹೊಸ ಕುಂಚ ಕೊಂಡಿಟ್ಟರಂತೆ. "ಕುಂಚ ಹಾಗೇ ಇದೆ," ಎಂದರು.

ಅವರು ಹಳೆಯ ದಿನಪತ್ರಿಕೆಯನ್ನು ಅಡ್ಡ ತಿರುಗಿಸಿ ಗೋಡೆಗೆ ಅಂಟಿಸಿದರು. ಕಾಲಂ ಗೆರೆಗಳೇ ಅವರಿಗೆ ಮೇಲು ಕೆಳಗಿನ ಅಳತೆ. ಚಪ್ಪಟೆ ಕುಂಚ, ನೀರು ಬೆರೆಸಿದ ಕಪ್ಪು ಬಣ್ಣ. ನಾನು ಮೊಬೈಲಿನಲ್ಲಿ ಆ ಒರಟು ಬ್ರಷ್ ಫಾಂಟನ್ನು ತೋರಿಸಿ, ಈ ತರ ಬೇಕು ಎಂದೆ. ಅವರು ಕನ್ನಡಕ ಏರಿಸಿ ನೋಡಿ, "ಇದು ಬಣ್ಣ ಮುಗಿದ ಕುಂಚ. ನಮ್ಮ ಗುರುಗಳು ಹೀಗೆ ಬರೆದರೆ ಕೈ ಮೇಲೆ ಹೊಡೀತಿದ್ದರು," ಎಂದು ನಕ್ಕರು.

ಇಡೀ ಕೆಲಸ ತಿರುಗಿದ್ದು ಅಲ್ಲಿಯೇ. ನಾವು ಕುಂಚ ಅಂದರೆ ಒರಟು ಅಂಚು ಎಂದುಕೊಂಡಿದ್ದೆವು. ಅವರಿಗೆ ಕುಂಚ ಅಂದರೆ ಒತ್ತುವುದು, ಎತ್ತುವುದು, ತಿರುಗಿಸುವುದು. ಎಲ್ಲಿ ಒತ್ತಿದರೆ ಗೆರೆ ದಪ್ಪ, ಎಲ್ಲಿ ಕುಂಚದ ಮೂಲೆ ಮೇಲೆ ನಿಂತರೆ ಸಣ್ಣ, ಎಲ್ಲಿ ಎತ್ತಿದರೆ ಮೊನೆ. ಅಂಚು ನುಣುಪಾಗೇ ಇರುತ್ತದೆ, ಆದರೂ ಕೈಯಲ್ಲಿ ಬರೆದದ್ದು ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಅವರು ಹೇಳಿದ್ದರಲ್ಲಿ ಕೆಲವನ್ನು ಬರೆದಿಟ್ಟುಕೊಂಡೆ. ಬ, ಲ ಎರಡಕ್ಕೂ ತಲೆಕಟ್ಟಿಲ್ಲ. ದ, ಚ ಎರಡಕ್ಕೂ ಇದೆ. ಹಾಗಾಗಿ ಈ ಹೆಸರಿನ ಮೊದಲರ್ಧ ಬೋಳು, ಎರಡನೇ ಅರ್ಧಕ್ಕೆ ಟೋಪಿ. ಅದನ್ನು ಸರಿತೂಗಿಸೋಕೆ ಅವರು "ಬೆ"ಯ ಏತ್ವವನ್ನು ಸ್ವಲ್ಪ ಉದ್ದ ಎಳೆದು ಲ ತಲೆಯ ಮೇಲೆ ಚಾಚಿದರು. ಕೊನೆಯ ಕೊಂಬನ್ನು ಗುಂಗುರಾಗಿ ಮೇಲೆತ್ತಿದರು. ಇಂಗ್ಲಿಷ್ ಬ್ರಷ್ ಲಿಪಿಯಲ್ಲಿ ಹೆಸರಿನ ಕೊನೆಗೆ ಒಂದು ಬಾಲ ಎಳೆದು ಕೆಳಗೆ ಗೆರೆ ಹಾಕುತ್ತಾರಲ್ಲ, ಆ ಶೋಕಿಗೆ ಕನ್ನಡದಲ್ಲಿ ಬೇರೆ ಜಾಗಗಳಿವೆ. ತಲೆಕಟ್ಟು, ಏತ್ವ, ಕೊಂಬು. ಕೆಳಗೆ ಬಾಲ ಎಳೆದರೆ ಒತ್ತಿಗೆ ಬಡಿಯುತ್ತದೆ.

"ಒತ್ತನ್ನ ಅದೇ ಕುಂಚದಲ್ಲಿ ಬರೀಬೇಕು ನೋಡಮ್ಮ, ಚಿಕ್ಕ ಕುಂಚ ತೊಗೋಬಾರದು," ಎಂದರು. ಅಕ್ಷರ ಚಿಕ್ಕದಾಗುತ್ತದೆ, ಗೆರೆಯ ದಪ್ಪ ಅಷ್ಟೊಂದು ಇಳಿಯಬಾರದು. ಕಂಪ್ಯೂಟರಿನಲ್ಲಿ ಅಕ್ಷರವನ್ನೇ ಕುಗ್ಗಿಸಿ ಒತ್ತು ಮಾಡಿದರೆ ಗೆರೆಯೂ ಕುಗ್ಗಿ ಬಡಕಲಾಗುತ್ತದೆ. ನನ್ನ ಓರೆ ಕನ್ನಡ ಅಷ್ಟು ಕೆಟ್ಟದಾಗಿ ಕಂಡದ್ದಕ್ಕೆ ಅರ್ಧ ಕಾರಣ ಗೊತ್ತಾಯಿತು.

ಮೂವತ್ತು ಸಲಕ್ಕೂ ಜಾಸ್ತಿ ಬರೆದರು. ಅಮ್ಮ ಆರಿಸಿದ್ದು ಅವರು ಬೇಡ ಎಂದು ಪಕ್ಕಕ್ಕಿಟ್ಟಿದ್ದ ಒಂದನ್ನು. ಅದರಲ್ಲಿ "ಲ್ಲ"ದ ಒತ್ತು ಸ್ವಲ್ಪ ಬಲಕ್ಕೆ ಸರಿದು ಕುಣಿದ ಹಾಗಿತ್ತು. ಪೇಂಟರ್‌ಗೆ ಅದು ಕೈತಪ್ಪು. ಅಮ್ಮನಿಗೆ ಅದು ಚಕ್ಕುಲಿ ಹಿಂಡುವಾಗ ಕೊನೆಯ ಸುತ್ತು ಹೊರಗೆ ಬಂದ ಹಾಗೆ.

ಇಂಗ್ಲಿಷ್ ಬಂದದ್ದು ಆಮೇಲೆ

ಈಗ ಇಂಗ್ಲಿಷನ್ನು ಕನ್ನಡಕ್ಕೆ ಹೊಂದಿಸಬೇಕು. ಕೂಡಕ್ಷರದ, ಅಂದರೆ ಅಕ್ಷರಗಳನ್ನು ಒಂದಕ್ಕೊಂದು ಅಂಟಿಸಿ ಬರೆಯುವ, ಲಿಪಿ ಬೇಡ ಎಂಬ ತೀರ್ಮಾನ ಇಲ್ಲೇ ಆಯಿತು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಕುಂಚ ಎತ್ತುತ್ತೇವೆ. ಮೇಲೆ ಬಿಡಿ ಬಿಡಿ ಅಕ್ಷರ, ಕೆಳಗೆ ಒಂದಕ್ಕೊಂದು ಅಂಟಿದ ಸಾಲು ಇದ್ದರೆ ಎರಡು ಕೈಗಳು ಬರೆದ ಹಾಗೆ ಕಾಣುತ್ತದೆ. ಬ್ರಷ್ ಅಕ್ಷರಗಳಲ್ಲಿ ಕೂಡದೆ ನಿಲ್ಲುವ ಒಂದು ಕವಲು ಇದೆ. ಬೋರ್ಡ್ ಬರೆಯುವವರು ಅದನ್ನು ಕ್ಯಾಶುವಲ್ ಅನ್ನುತ್ತಾರೆ. 1950ರ ದಶಕದ ಡಾಮ್ ಕ್ಯಾಶುವಲ್ ಆ ಜಾತಿಯದು. ಅಕ್ಷರಗಳು ಒಂದೇ ಗೆರೆಯ ಮೇಲೆ ನಿಲ್ಲದೆ ಸ್ವಲ್ಪ ಮೇಲೆ ಕೆಳಗೆ ಕುಣಿಯುತ್ತವೆ, ಒಂದಕ್ಕೊಂದು ತಾಗುವುದಿಲ್ಲ. ಸಿ-ಎಚ್-ಸಿ-ಎಚ್ ಅಲೆಯ ತೊಂದರೆ ಅರ್ಧ ಅಲ್ಲೇ ಹೋಯಿತು.

ಪೇಂಟರ್ ಕೈಯಿಂದಲೇ ಇಂಗ್ಲಿಷನ್ನೂ ಬರೆಸಿದೆ. ಅವರು ಅದನ್ನು ಬಹಳ ಮರ್ಯಾದೆಯಿಂದ, ನೆಟ್ಟಗೆ ಬರೆದರು. ಕನ್ನಡದಲ್ಲಿ ಇದ್ದ ಸಲಿಗೆ ಇರಲಿಲ್ಲ. ಕೊನೆಗೆ ಕನ್ನಡದ "ದ"ದಿಂದ ಹೊಟ್ಟೆಯ ಸುತ್ತನ್ನು ತೆಗೆದು ರೋಮನ್ ಡಿ, ಎ, ಸಿ ಮಾಡಿದೆ. ಜೋಡಿ ಎಲ್‌ಗಳನ್ನು ಬೇರೆ ಬೇರೆ ಎತ್ತರಕ್ಕೆ ಬರೆದೆ.

ಓದಿಸಿ ನೋಡಿದ್ದು ಎದುರಿನ ಟೀ ಅಂಗಡಿಯಲ್ಲಿ. ಹಳೆಯದು ಹೊಸದು ಎರಡನ್ನೂ ಎ3 ಕಾಗದದಲ್ಲಿ ತೆಗೆದು, ರಸ್ತೆಯ ಈ ಬದಿ ಹಿಡಿದು, ಆ ಬದಿ ಟೀ ಕುಡಿಯುತ್ತಿದ್ದವರನ್ನು ಕೇಳಿದೆವು. 11 ಜನರಲ್ಲಿ ಹಳೆಯ ಇಂಗ್ಲಿಷನ್ನು ಸರಿಯಾಗಿ ಓದಿದವರು 3. ಹೊಸದನ್ನು 9. ಕನ್ನಡ ಬಲ್ಲವರೆಲ್ಲ ಕನ್ನಡವನ್ನು ಓದಿದರು. ಇದೇನು ದೊಡ್ಡ ಸಂಶೋಧನೆ ಅಲ್ಲ. ಆದರೆ ಬೋರ್ಡಿಗೆ ದುಡ್ಡು ಸುರಿಯೋಕೆ ಮುಂಚೆ ಹತ್ತು ಟೀ ಖರ್ಚಿಗೆ ಇಷ್ಟು ಗೊತ್ತಾದರೆ ಸಾಕು.

ಬೋರ್ಡಿನವರ ಹತ್ತಿರ

ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ತಾನೇ ಗೆರೆ ಎಳೆಯೋಕೆ ಬಿಟ್ಟಾಗ ಸಾವಿರಾರು ಬಿಂದುಗಳು ಬಂದವು. ಕಟಿಂಗ್ ಯಂತ್ರ ಅಂಥ ಅಂಚನ್ನು ಗರಗಸದ ಹಾಗೆ ಕೊಯ್ಯುತ್ತದೆ. ಎಲ್ಲವನ್ನೂ ಕೈಯಲ್ಲೇ ಮತ್ತೆ ಎಳೆದೆ, ಎರಡು ದಿನ ಹಿಡಿಯಿತು. ಎರಡು ರೂಪ ಮಾಡಿಕೊಂಡೆವು. ಪೌಚಿನ ಮುಖಕ್ಕೆ ಕುಂಚದ ಜಾಡು ಸ್ವಲ್ಪ ಉಳಿದದ್ದು. ಬೋರ್ಡಿಗೆ, ರಬ್ಬರ್ ಸ್ಟಾಂಪಿಗೆ, ಮೊಬೈಲಿನ ಪುಟ್ಟ ಚಿತ್ರಕ್ಕೆ ಪೂರ್ತಿ ನುಣುಪು ಮಾಡಿದ್ದು.

ಎಸಿಪಿ ಶೀಟಿನ (ಅಲ್ಯೂಮಿನಿಯಂ ಹೊದಿಕೆಯ ಹಲಗೆ) ಮೇಲೆ ಅಕ್ರಿಲಿಕ್ ಅಕ್ಷರ, ಒಳಗೆ ಎಲ್‌ಇಡಿ. ಬೋರ್ಡಿನವರು ಗೆರೆ ಒಂದೂಕಾಲು ಇಂಚಿಗಿಂತ ಸಣ್ಣ ಆದರೆ ದೀಪದ ಮಾಡ್ಯೂಲ್ ಕೂರಲ್ಲ ಎಂದರು. ಒತ್ತಿನ ಗೆರೆ ದಪ್ಪ ಉಳಿಸಿಕೊಂಡಿದ್ದು ಇಲ್ಲಿ ಕಾಪಾಡಿತು. ಕುಂಚದ ಮೊನೆಗಳಲ್ಲಿ ಮಾತ್ರ ಬೆಳಕು ಇಲ್ಲ, ರಾತ್ರಿ ಅಲ್ಲಿ ಮಂಕಾಗಿ ಕಾಣುತ್ತದೆ. ಅದನ್ನು ಒಪ್ಪಿಕೊಂಡೆವು. ಒತ್ತುಗಳು ಬಿಡಿ ತುಂಡಾದ್ದರಿಂದ ಅವಕ್ಕೆ ಬೇರೆ ವೈರು, ಬೇರೆ ಸ್ಕ್ರೂ, ಸ್ವಲ್ಪ ಜಾಸ್ತಿ ದುಡ್ಡು.

ಪೌಚಿನ ಹೊಸ ಲೇಬಲ್ಲಿಗೆ ಇನ್ನೊಂದು ಎಡವಟ್ಟು. ಮುದ್ರಕರ ಹಳೆಯ ಕೋರೆಲ್ ಡ್ರಾ ಸಾಫ್ಟ್‌ವೇರಿನಲ್ಲಿ ನಮ್ಮ ಯೂನಿಕೋಡ್ ಕನ್ನಡ ಒಡೆದು, ಒತ್ತೆಲ್ಲ ಅರ್ಧಾಕ್ಷರವಾಗಿ ಸಾಲಿನಲ್ಲಿ ನಿಂತು ಬಂತು. ಪ್ರೂಫ್ ಕೇಳಿದ್ದರಿಂದ ಬಚಾವಾದೆವು. ಅಕ್ಷರಗಳನ್ನೆಲ್ಲ ಗೆರೆಯಾಗಿ ಬದಲಿಸಿ ಕಳಿಸಿದ ಮೇಲೆ ಸರಿಹೋಯಿತು.

ಇದೇ ಕೆಲಸ ಮತ್ತೆ ಬಂದರೆ

ಹೆಸರು ಬಿಟ್ಟು ಬೇರೆ ಯಾವುದಕ್ಕೂ ಬ್ರಷ್ ಅಕ್ಷರ ಮುಟ್ಟಬಾರದು ಎಂದು ಈಗ ಮೊದಲ ದಿನವೇ ಹೇಳುತ್ತೇನೆ. ಸಾಮಗ್ರಿ ಪಟ್ಟಿ, ತೂಕ, ಬೆಲೆ, ತಯಾರಾದ ದಿನ, ಆಹಾರ ಪರವಾನಗಿಯ 14 ಅಂಕಿ ಇವೆಲ್ಲ ಸ್ಪಷ್ಟವಾಗಿ ಓದಲು ಸಿಗಬೇಕು, ಕಾನೂನೂ ಅದನ್ನೇ ಕೇಳುತ್ತದೆ. ಅವಕ್ಕೆ ನೋಟೋ ಸಾನ್ಸ್ ಕನ್ನಡದಂಥ ಸಾದಾ ಫಾಂಟ್ ಹಾಕಿದೆವು. ಸಾದಾ ಅಕ್ಷರದ ಪಕ್ಕದಲ್ಲೇ ಕುಂಚದ ಹೆಸರಿಗೆ ಕಳೆ ಬಂತು.

ಬ್ರಷ್ ಲಿಪಿಯನ್ನು ಪೂರ್ತಿ ದೊಡ್ಡಕ್ಷರದಲ್ಲಿ ಹಾಕಬೇಡಿ, ಕೂಡಕ್ಷರದ ಫಾಂಟಿನಲ್ಲಿ ಅಕ್ಷರಗಳ ನಡುವೆ ಜಾಗ ಹಿಗ್ಗಿಸಬೇಡಿ ಎಂಬುದು ಎಲ್ಲ ಡಿಸೈನರ್‌ಗಳಿಗೂ ಗೊತ್ತಿರುವ ಮಾತು. ನಮಗೆ ಕಲಿಸದೇ ಇದ್ದದ್ದು ಕನ್ನಡದ ಭಾಗ. ಹೆಸರಿನಲ್ಲಿ ಎಷ್ಟು ಒತ್ತು, ಎಷ್ಟು ತಲೆಕಟ್ಟು, ಕೊಂಬು ಎಲ್ಲಿ ಬರುತ್ತದೆ ಎಂದು ಎಣಿಸಿ, ಆಮೇಲೆ ಬೋರ್ಡಿನ ಅಳತೆ ಮಾತಾಡುತ್ತೇನೆ. ಎರಡು ಒತ್ತಿರುವ ಹೆಸರಿಗೆ 12ಕ್ಕೆ 3 ಅಡಿಯ ಬೋರ್ಡು ಜಿಪುಣ. 4 ಅಡಿ ಎತ್ತರ ಸಿಕ್ಕಿದ್ದರೆ ಅರ್ಧ ಒದ್ದಾಟ ಇರುತ್ತಿರಲಿಲ್ಲ, ಆದರೆ ಮೇಲಿನ ಮನೆಯ ಬಾಲ್ಕನಿ ಬಿಡಲಿಲ್ಲ.

ಪೇಂಟರ್ ಜೊತೆ ಒಂದು ಪುಟದ ಒಪ್ಪಂದ ಬರೆದುಕೊಂಡೆವು. ಈ ನಾಲ್ಕು ಅಕ್ಷರದ ಬರಹ ಅಂಗಡಿಯದು, ಅವರ ಕೈಬರಹದ ಉಳಿದದ್ದೆಲ್ಲ ಅವರದೇ. ಪರವಾನಗಿಯಲ್ಲಿ ಒಮ್ಮೆ ಬಿದ್ದವರಿಗೆ ಇಷ್ಟು ಬುದ್ಧಿ ಬಂದಿತ್ತು. ಆಮೇಲೆ ಮಗ, "ಇದನ್ನೇ ಪೂರ್ತಿ ಫಾಂಟ್ ಮಾಡಿಬಿಡೋಣ, ಮೆನು ಎಲ್ಲ ಅದರಲ್ಲೇ ಬರಲಿ," ಎಂದ. ಎಣಿಸಿ ತೋರಿಸಿದೆ. 34 ವ್ಯಂಜನ, ಪ್ರತಿಯೊಂದಕ್ಕೂ ಒಂದು ಒತ್ತು, ಗುಣಿತಾಕ್ಷರಗಳಲ್ಲಿ ಎಷ್ಟೋ ಕಡೆ ಅಕ್ಷರದ ಆಕಾರವೇ ಬದಲಾಗುತ್ತದೆ. ಕೈಬರಹ ಅನ್ನಿಸೋಕೆ ಪ್ರತಿಯೊಂದಕ್ಕೂ ಎರಡು ರೂಪ ಬೇಕು. ಹತ್ತಿರ ಹತ್ತಿರ ಸಾವಿರ ಆಕಾರ ಬರೆಯಬೇಕಾಗುತ್ತದೆ. ರೋಮನ್ ಬ್ರಷ್ ಫಾಂಟುಗಳು ರಾಶಿ ರಾಶಿ ಸಿಕ್ಕಿ ಕನ್ನಡದವು ಸಿಗದಿರೋದಕ್ಕೆ ಇದೂ ಒಂದು ಕಾರಣ. ಮಗ ಮೆನುವಿನ ಆಸೆ ಬಿಟ್ಟ.

ಖರ್ಚಿನ ಲೆಕ್ಕದಲ್ಲಿ, ಪೇಂಟರ್‌ಗೆ ಕೊಟ್ಟದ್ದು ಬೋರ್ಡಿನ ಒಟ್ಟು ಖರ್ಚಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಹಳೆಯ 600 ಪೌಚುಗಳಲ್ಲಿ ಉಳಿದವನ್ನು ತಿರುವಿ ಹಾಕಿ, ಹೊಸ ಲೇಬಲ್ ಅಂಟಿಸಿ ಮುಗಿಸಿದೆವು. "ಬೆಲ್ಲಾಡೋ ಅಕ್ಲು" ಫೋನು ಆಮೇಲೆ ಬರಲಿಲ್ಲ.

ಅಂಗಡಿ ಶುರುವಾದ ದಿನ ಪೇಂಟರ್ ಅವರನ್ನು ಆಟೋದಲ್ಲಿ ಕರೆಸಿದೆವು. ಸಂಜೆ ದೀಪ ಹಾಕಿದರು. ಅವರು ರಸ್ತೆ ದಾಟಿ, ಟೀ ಅಂಗಡಿಯ ಮುಂದೆ ನಿಂತು ತುಂಬಾ ಹೊತ್ತು ನೋಡಿದರು. ಹೇಗಿದೆ ಸಾರ್ ಎಂದೆ.

"ಲ ಕೆಳಗಿನ ಒತ್ತು ನಾನು ಬರೆದ ಜಾಗದಲ್ಲಿಲ್ಲ. ಎಡಕ್ಕೆ ಸರಿಸಿದ್ದೀರಾ."

ನಿಜ. ಬೋರ್ಡಿನವರ ಸ್ಕ್ರೂ ಕೂರೋಕೆ ಒಂದು ಇಂಚು ಸರಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಅಮ್ಮ ನನ್ನ ಮುಖ ನೋಡಿದರು.

"ನಾನು ಆವತ್ತೇ ಅಲ್ಲೇ ಬರೀಬೇಕು ಅಂತಿದ್ದೆ, ನೀವೇ ಬೇಡ ಅಂದ್ರಿ," ಎಂದು ಪೇಂಟರ್ ಅಮ್ಮನಿಗೆ ಹೇಳಿ, ಕೋಡುಬಳೆ ಬಾಯಿಗೆ ಹಾಕಿಕೊಂಡರು.